ಸುಮ್ಮನಿದ್ದ ಕಾರ್ಡಿಗೆ ಯಾಕಿಷ್ಟು ಬಿಸಿ

ಪರೀಕ್ಷೆಗೆಂದು ಹಚ್ಚಿದ್ದ ಆಟ ನಿಲ್ಲಿಸಿ ಇಪ್ಪತ್ತು ನಿಮಿಷವಾಗಿತ್ತು. ಕಂಪ್ಯೂಟರಿನ ಡಬ್ಬಿ ಮಾತ್ರ ತಣ್ಣಗಾಗುವ ಲಕ್ಷಣವೇ ಇರಲಿಲ್ಲ.

ಶಿವಗಂಗಾ ಅದರ ಹಿಂಬದಿಯ ಜಾಲರಿಗೆ ಅಂಗೈ ಒಡ್ಡಿದಳು. ಒಳಗಿನಿಂದ ಬರುತ್ತಿದ್ದ ಗಾಳಿ, ಆಗತಾನೆ ಪಕ್ಕಕ್ಕಿಟ್ಟ ಇಸ್ತ್ರಿಪೆಟ್ಟಿಗೆಯ ಹತ್ತಿರ ಕೈ ಚಾಚಿದಷ್ಟು ಬಿಸಿಯಾಗಿತ್ತು. ಫ್ಯಾನು ಗುಂಯ್ಯೆನ್ನುತ್ತಿತ್ತು. ಪರದೆಯ ಮೇಲೆ ನೋಡಿದರೆ ಹಸಿರು ಗುಡ್ಡ, ನೀಲಿ ಆಕಾಶ, ಐದಾರು ಚಿಕ್ಕ ಚಿತ್ರಗಳು. ಮತ್ತೇನೂ ಇಲ್ಲ.

ನಿನ್ನೆಯಿಂದ ಅವಳು ಒಂದೊಂದೇ ಅನುಮಾನವನ್ನು ಅಳಿಸುತ್ತ ಬಂದಿದ್ದಳು. ಪರದೆಯ ಕೇಬಲ್ಲು ಹೊಸ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿತ್ತು. ಹಳೆಯ ಕಾರ್ಡಿನ ಡ್ರೈವರ್ ಸಾಫ್ಟ್‌ವೇರನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕಿದ್ದಾಗಿತ್ತು. ಮೀಟರು ಹಿಡಿದು ಕರೆಂಟು ಅಳೆದರೆ ಅದೂ ಸರಿ. ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿನಲ್ಲಿ ಕಾರ್ಡು ಮಾರಿದ ಬಂಡೆಪ್ಪನ ಅಂಗಡಿಗೂ ಹೋಗಿ ಬಂದಿದ್ದಳು. ಕಾರ್ಡು ಅಸಲಿಯೇ. ಇನ್ನೊಂದು ಹೊಸ ಕಾರ್ಡು ಹಾಕಿ ನೋಡಿದರೂ ಅದೇ ರೋಗ.

ಅಂದರೆ ಕಾರ್ಡಿನ ತಪ್ಪಲ್ಲ. ಚಿತ್ರ ಬಿಡಿಸುವ ಕೆಲಸವಿದ್ದಾಗ ಕಾರ್ಡು ಕಾಯುತ್ತದೆ, ಕೆಲಸ ಮುಗಿದ ಮೇಲೆ ಆರುತ್ತದೆ. ಇದು ಆರುತ್ತಿಲ್ಲ ಎಂದರೆ ಇದಕ್ಕೆ ಇನ್ನೂ ಕೆಲಸವಿದೆ.

ಯಾರ ಕೆಲಸ?

ಶಿವಗಂಗಾ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಸ್ವಯಂ ನಿವೃತ್ತಿ ಪಡೆದು ಈಗ ಮಲ್ಕಾಜ್‌ಗಿರಿಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದಳು. ಹೈದರಾಬಾದಿನಲ್ಲಿ ಓಣಿಗೊಂದು ಸಾಫ್ಟ್‌ವೇರ್ ಕಲಿಸುವ ಬೋರ್ಡು ತೂಗಾಡುತ್ತಿದ್ದ ಕಾಲ ಅದು, ಕೈತುಂಬ ಕೆಲಸವಿತ್ತು. ಆದರೆ ಎರಡು ಓಣಿ ಆಚೆಗಿರುವ ಶಿವಾನಂದರು ಫೋನ್ ಮಾಡಿದಾಗ ಅವಳು ಅದನ್ನೆಲ್ಲ ಬಿಟ್ಟು ಬಂದಿದ್ದಳು. ಆ ವಿಭಾಗದ ಮುಖ್ಯಸ್ಥರಾಗಿದ್ದವರು ಅವರು. ಅವರ ಹೆಂಡತಿ ಸುವರ್ಣಾ, ಅದೇ ವಿಭಾಗದಲ್ಲಿ ಶಿವಗಂಗಾಳ ಪಕ್ಕದ ಮೇಜಿನವಳು, ಜೀವದ ಗೆಳತಿ.

ಸುವರ್ಣಾ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆಕೆಯ ದಿವಸದ ಕಾರ್ಯ ಮುಗಿದ ವಾರಕ್ಕೆ ಶಿವಾನಂದರಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ವ್ಯಾಯಾಮ ಕಲಿಸುವ ಡಾಕ್ಟರು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಆಡಿರಿ, ಆ ಹಿಡಿಕೆ ತಿರುಗಿಸುವುದರಿಂದ ಬೆರಳಿಗೆ ಜೀವ ಬರುತ್ತದೆ ಎಂದಿದ್ದರು. ಜೀವ ಬಂದಿತ್ತು ಕೂಡ. ಅವರು ದಿನಾ ಬೇಗಂಪೇಟೆಯ ರನ್‌ವೇಯಿಂದ ಏರುತ್ತಿದ್ದರು. ನಿಜವಾದ ವಿಮಾನಗಳು ಶಂಶಾಬಾದಿಗೆ ಹೋಗಿ ಎರಡು ವರ್ಷವಾಗಿದ್ದರೂ ಆಟದೊಳಗೆ ಬೇಗಂಪೇಟೆ ಇನ್ನೂ ತೆರೆದೇ ಇತ್ತು.

ಅರವತ್ತೈದನೇ ಹುಟ್ಟುಹಬ್ಬಕ್ಕೆ ಮಗಳು ತೇಜಸ್ವಿನಿ ಮತ್ತು ಅಳಿಯ ಸಮರ್ಥ್ ಹೊಸ ಕಾರ್ಡು ತಂದು ಹಾಕಿದರು. ಚಿತ್ರ ಇನ್ನೂ ಚೆನ್ನಾಗಿ ಕಾಣಲಿ ಎಂದು. ಮರುದಿನದಿಂದಲೇ ವಿಮಾನ ಮುಗ್ಗರಿಸತೊಡಗಿತು. ಎರಡು ಕ್ಷಣ ಹಾರುವುದು, ಅರೆಕ್ಷಣ ಗಾಳಿಯಲ್ಲಿ ನಿಲ್ಲುವುದು, ಮತ್ತೆ ಜಿಗಿಯುವುದು.

ಶಿವಾನಂದರು ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಶಿವಗಂಗಾಳಿಗೆ ಹೇಳಿದ್ದೂ ದನಿ ತಗ್ಗಿಸಿಯೇ.

“ಗಂಗಾ, ವಿಮಾನ ನಿಂತಂಗ ಆಗತೈತಿ. ಅದು ನಿಂತತೋ, ನಾನ ನಿಂತೆನೋ, ಗೊತ್ತಾಗವಲ್ತು.”

ಅದಕ್ಕೇ ಅವಳು ಇದನ್ನು ರಿಪೇರಿ ಎಂದುಕೊಂಡಿರಲಿಲ್ಲ. ತಪ್ಪು ಯಂತ್ರದಲ್ಲಿದೆಯೋ ಮನುಷ್ಯನಲ್ಲಿದೆಯೋ ಎಂಬುದು ಇತ್ಯರ್ಥವಾಗಬೇಕಿತ್ತು. ಸೋಮವಾರ ಅವರನ್ನು ಮತ್ತೆ ನರರೋಗದ ಡಾಕ್ಟರ ಬಳಿ ಕರೆದೊಯ್ಯುವ ಮಾತು ನಡೆದಿತ್ತು. ಮಗಳಿಗೆ ಕಾಣುತ್ತಿದ್ದದ್ದು ಇಷ್ಟೇ: ಅಪ್ಪ ಹತ್ತು ದಿನದಿಂದ ಹಿಡಿಕೆ ಮುಟ್ಟಿಲ್ಲ, ಮಾತು ಕಡಿಮೆಯಾಗಿದೆ, ಊಟ ಅರ್ಧವಾಗಿದೆ.

ಕೋಣೆಯ ಬಾಗಿಲಲ್ಲಿ ಗೋದಾವರಿ ಕಾಣಿಸಿಕೊಂಡಳು. ಹಗಲು ಹೊತ್ತು ಶಿವಾನಂದರನ್ನು ನೋಡಿಕೊಳ್ಳುವ, ಸೇಡಂ ಕಡೆಯ ಹೆಂಗಸು. ಗಂಡ ಮಾಧಾಪುರದ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಅವಳು ಒಳಗೆ ಬಂದವಳೇ ಡಬ್ಬಿಯ ಹಿಂದೆ ಕೈ ಹಾಕಿ ಎರಡು ಕಾಲುಚೀಲ ತೆಗೆದಳು.

ಶಿವಗಂಗಾ ಹುಬ್ಬೇರಿಸಿದಳು.

“ಅಲ್ಲಿ ಇಟ್ರ ಲಗೂನ ಒಣಗತಾವ್ರಿ ಅಕ್ಕಾರ,” ಎಂದಳು ಗೋದಾವರಿ. “ಡಬ್ಬಿ ಯಾವಾಗ್ಲೂ ಬೆಚ್ಚಗ ಇರತದ.”

“ಸಾಹೇಬ್ರು ಆಟ ಆಡಲಿಲ್ಲಂದ್ರೂ?”

“ಆಡ್ಲಿ, ಬಿಡ್ಲಿ. ತೇಜಕ್ಕ ಮುಂಜಾನಿ ಹೋಗೂ ಮುಂದ ಟಿವಿ ಒಂದು ಬಂದ್ ಮಾಡತಾಳ. ಡಬ್ಬಿಗಿ ಕೈ ಹಚ್ಚಬ್ಯಾಡ ಅಂದಾಳ.”

ಅವಳು ಟಿವಿ ಎಂದದ್ದು ಪರದೆಗೆ. ಗೋದಾವರಿ ಹೋದ ಮೇಲೆ ಶಿವಗಂಗಾ ಬಾಗಿಲು ಅರ್ಧ ಮುಂದೆ ಮಾಡಿ ಕುರ್ಚಿ ಎಳೆದುಕೊಂಡಳು.

ಯಂತ್ರದಲ್ಲಿ ಆ ಹೊತ್ತಿಗೆ ನಡೆಯುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿಯನ್ನು ಪರದೆಗೆ ತಂದಳು. ನಿನ್ನೆಯೂ ಅದನ್ನು ನೋಡಿದ್ದಳು, ಆದರೆ ಪ್ರೊಸೆಸರನ್ನು ಯಾರು ತಿನ್ನುತ್ತಿದ್ದಾರೆ ಎಂದಷ್ಟೇ. ಯಾರೂ ತಿನ್ನುತ್ತಿರಲಿಲ್ಲ. ಕಾರ್ಡನ್ನು ತಿನ್ನುವವರು ಆ ಪಟ್ಟಿಯಲ್ಲಿ ಬಡವರಂತೆ ಕೂತಿರುತ್ತಾರೆ ಎಂಬುದು ಅವಳಿಗೆ ನಿನ್ನೆ ಹೊಳೆದಿರಲಿಲ್ಲ. ಈ ಸಲ ಒಂದೊಂದೇ ಹೆಸರು ಓದಿದಳು. ಹೆಚ್ಚಿನವು ಪರಿಚಿತವೇ. ಇಪ್ಪತ್ತಮೂರನೆಯದರ ಮೇಲೆ ಅವಳ ಕಣ್ಣು ನಿಂತಿತು.

ಪ್ರಿಂಟ್‌ಹೆಲ್ಪ್.

ಈ ಮನೆಯಲ್ಲಿ ಪ್ರಿಂಟರೇ ಇರಲಿಲ್ಲ.

ಅವಳು ಆ ಹೆಸರಿನ ಮೇಲೆ ಒತ್ತಿ, ಅದನ್ನು ನಿಲ್ಲಿಸಿದಳು. ಪರದೆಯಲ್ಲಿ ಏನೂ ಬದಲಾಗಲಿಲ್ಲ. ಆದರೆ ಎಣಿಸಿ ಹತ್ತು ಕ್ಷಣದಲ್ಲಿ ಡಬ್ಬಿಯೊಳಗಿನ ಗುಂಯ್ ಸದ್ದು ಇಳಿಯಿತು, ಇನ್ನೂ ಇಳಿಯಿತು, ಆಮೇಲೆ ಕೇಳಿಸದಾಯಿತು. ಹೊರಗೆ ರೈಲ್ವೆ ಗೇಟಿನ ಬಳಿ ಆಟೋದವನೊಬ್ಬ ಯಾರಿಗೋ ಹಿಂದಿಯಲ್ಲಿ ದಬಾಯಿಸುವುದು ಆಗ ಕಿವಿಗೆ ಬಿತ್ತು.

ಅವಳು ನಡುಮನೆಗೆ ಹೋದಳು. ಶಿವಾನಂದರು ಕಿಟಕಿಯ ಪಕ್ಕ ಕೂತು, ಮಡಿಚಿದ ಪೇಪರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಓದುತ್ತಿರಲಿಲ್ಲ.

“ಸರ್, ಒಂದು ಸಲ ಹಾರಿಸ್ರಿ.”

ಅವರು ತಲೆಯಾಡಿಸಿದರು. ಬೇಡವೆಂದು.

“ಒಂದ ಸಲ. ನಾ ಬಾಜೂಕ ಕೂಡ್ತೀನಿ. ನಿಂತ್ರ ಇಬ್ಬರೂ ನೋಡೂಣು.”

ಕೊನೆಗೆ ಅವರು ಊರುಗೋಲಿಗೆ ಕೈ ಹಾಕಿದರು.

ರನ್‌ವೇಯ ಬಿಳಿ ಗೆರೆಗಳು ಸರಸರನೆ ಹಿಂದೆ ಸರಿದವು. ವಿಮಾನ ಮೂಗೆತ್ತಿತು. ಶಿವಾನಂದರು ಹಿಡಿಕೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿದಿದ್ದರು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂಬ ಅಂಜಿಕೆ. ಹುಸೇನ್ ಸಾಗರ ಕೆಳಗೆ ಹಾಸಿಕೊಂಡು ಬಂತು. ವಿಮಾನ ನಿಲ್ಲಲಿಲ್ಲ. ಅವರು ಅದನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಬೇಕೆಂದೇ ಮೋಡದೊಳಗೆ ನುಗ್ಗಿಸಿದರು. ಚಿತ್ರ ನೀರಿನ ಹಾಗೆ ಹರಿಯಿತು.

ಇಪ್ಪತ್ತೈದು ನಿಮಿಷದ ಮೇಲೆ ಇಳಿಸಿದರು. ಚಕ್ರ ನೆಲ ಮುಟ್ಟಿದ್ದು ತಿಳಿಯಲೂ ಇಲ್ಲ.

“ನಿಲ್ಲಲಿಲ್ಲ,” ಎಂದರು ಮೆಲ್ಲಗೆ.

“ಇಲ್ರಿ. ಇಷ್ಟು ದಿನ ನಿಂತಿದ್ದು ಅದು. ನೀವಲ್ಲ.”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದರು. ಒರೆಸುತ್ತಲೇ ಇದ್ದರು. ಶಿವಗಂಗಾ ಎದ್ದು ಕಿಟಕಿಯ ಕಡೆ ಹೋಗಿ ನಿಂತಳು, ಅವರಿಗೆ ಮುಖ ಸರಿಮಾಡಿಕೊಳ್ಳಲು ಸಮಯ ಸಿಗಲಿ ಎಂದು.

ಆಮೇಲೆ ಅವರು ಮೇಜಿನ ಖಾನೆಯಿಂದ ಒಂದು ಚಿಕ್ಕ ನೋಟುಬುಕ್ಕು ತೆಗೆದು ಅವಳ ಕೈಗಿಟ್ಟರು. ಪರೀಕ್ಷಾ ವಿಭಾಗದ ಹಳೆಯ ಚಟ. ತಮ್ಮ ಮೇಲೆಯೇ ಪರೀಕ್ಷೆ ನಡೆಸಿದ್ದರು. ದಿನಾಂಕ, ಹೊತ್ತು, ಎಷ್ಟು ಸಲ ನಿಂತಿತು, ಎಲ್ಲ ಎಡಗೈಯಿಂದ ಬರೆದ ಸೊಟ್ಟ ಅಕ್ಷರಗಳಲ್ಲಿ. ಸೋಮವಾರ ನಲವತ್ತೊಂದು. ಮಂಗಳವಾರ ಮೂವತ್ತೆಂಟು. ಶನಿವಾರ ಸೊನ್ನೆ. ಭಾನುವಾರ ಸೊನ್ನೆ. ಮತ್ತೆ ಸೋಮವಾರ ನಲವತ್ತು.

ಮಗಳು ಮನೆಯಲ್ಲಿದ್ದು ಕಂಪ್ಯೂಟರಿನ ಮುಂದೆ ಕೂರುವ ದಿನ ಸೊನ್ನೆ. ಅವಳು ಆಫೀಸಿಗೆ ಹೋದ ದಿನ ನಲವತ್ತು.

ಇದು ಶಿವಾನಂದರ ಗಮನಕ್ಕೆ ಬಂದಿರಲಿಲ್ಲ. ಅಥವಾ ಬಂದರೂ, ಮಗಳು ಹತ್ತಿರವಿದ್ದಾಗ ತನ್ನ ತಲೆ ನೆಟ್ಟಗಿರುತ್ತದೆ ಎಂದುಕೊಂಡಿದ್ದರೋ ಏನೋ. ಶಿವಗಂಗಾ ನೋಟುಬುಕ್ಕನ್ನು ತನ್ನ ಚೀಲಕ್ಕೆ ಸೇರಿಸಿ, ಇನ್ನು ಅರ್ಧ ತಾಸು ಬೇಕು, ನೀವು ಚಹಾ ಕುಡಿಯಿರಿ ಎಂದು ಅವರನ್ನು ಹೊರಗೆ ಕಳಿಸಿದಳು.

ಪ್ರಿಂಟ್‌ಹೆಲ್ಪ್ ಇದ್ದ ಜಾಗವನ್ನು ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದರ ಜೊತೆ ಇನ್ನೆರಡು ಫೈಲುಗಳಿದ್ದವು. ಒಂದಕ್ಕೆ ಬೀಗವಿತ್ತು, ಪಾಸ್‌ವರ್ಡ್ ಇಲ್ಲದೆ ತೆರೆಯದು. ಅದರ ಹೆಸರು “ತೇಜು.” ಪ್ರಿಂಟ್‌ಹೆಲ್ಪ್ ಎಂಬುದು ಆ ಬೀಗಕ್ಕೆ ಹಗಲೆಲ್ಲ ಕೀಲಿಕೈ ಹೊಂದಿಸಿ ನೋಡುವ ಪ್ರೋಗ್ರಾಮು. ಒಂದು ಕ್ಷಣಕ್ಕೆ ಸಾವಿರಾರು ಶಬ್ದ ತುರುಕಿ ನೋಡುತ್ತದೆ. ಇಂಥ ಕೆಲಸದಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಸಾಟಿಯಿಲ್ಲ. ಶಿವಾನಂದರ ವಿಮಾನಕ್ಕೆ ಉಳಿಯುತ್ತಿದ್ದದ್ದು ಕಾರ್ಡಿನ ಎಂಜಲು ಶಕ್ತಿ.

ಅವಳ ಮೊದಲ ಗುಮಾನಿ ಅಳಿಯನ ಮೇಲೆ ಹೋಯಿತು. ಕಾರ್ಡು ಕೂರಿಸಿದವನು ಸಮರ್ಥ್, ಇಂಥದ್ದೆಲ್ಲ ಬಲ್ಲವನು. ಆದರೆ ಕಾರ್ಡು ಹಾಕಿದ ಸಂಜೆಯೇ ಅವನು ಕಂಪನಿಯ ಕೆಲಸಕ್ಕೆ ಪುಣೆಗೆ ಹೋಗಿದ್ದ, ಇನ್ನೂ ಮರಳಿರಲಿಲ್ಲ. ದೂರದಿಂದ ನಡೆಸುತ್ತಿರಬಹುದೇ? ಅದಕ್ಕೂ ಉತ್ತರ ಅಲ್ಲೇ ಇತ್ತು. ಎರಡನೆಯ ಫೈಲು, ಮೊದಲು ಪ್ರಯತ್ನಿಸಬೇಕಾದ ಶಬ್ದಗಳ ಪಟ್ಟಿ, ನಾನ್ನೂರ ಹನ್ನೆರಡು ಸಾಲು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಶಬ್ದಗಳು.

ಗದಗ. ಹೊಳೆಆಲೂರು. ಗುರೆಳ್ಳುಚಟ್ನಿ. ಕುಬಸ. ತೇಜೂರಾಣಿ. ಮಿಂಚು. ಹತ್ತಿಕಾಳು. ಜ್ವರಬಂದಾಗಗಂಜಿ. ಸುಲ್ತಾನ್‌ಬಜಾರ್‌ಹಸಿರುಬಳೆ.

ಶಿವಗಂಗಾ ಓದುತ್ತ ಓದುತ್ತ ಕುರ್ಚಿಯ ಬೆನ್ನಿಗೆ ಒರಗಿದಳು. ಇದು ಕಳ್ಳನ ಪಟ್ಟಿಯಲ್ಲ. ಒಬ್ಬ ತಾಯಿಯ ಬಗ್ಗೆ ನೆನಪಿರುವುದನ್ನೆಲ್ಲ ಯಾರೋ ಒಂದೊಂದಾಗಿ ಆರಿಸಿ ಇಟ್ಟಿದ್ದರು. ಬೆರಳಿಗೆ ಸಿಕ್ಕಿದ ಕೊನೆಯ ಚೂರಿನವರೆಗೆ. ಕೊನೆಯ ಶಬ್ದ ಸೇರಿಸಿದ್ದು ಅಂದು ಮುಂಜಾನೆ ಏಳೂ ನಲವತ್ತಕ್ಕೆ, ತೇಜಸ್ವಿನಿ ಆಫೀಸಿಗೆ ಹೊರಡುವ ಹೊತ್ತಿಗೆ.

ತೇಜಸ್ವಿನಿಯ ಆಫೀಸಿನ ಗಾಡಿ ಅವಳನ್ನು ಓಣಿಯ ತುದಿಗೆ ಬಿಟ್ಟಾಗ ಆರಕ್ಕೆ ಹತ್ತು ನಿಮಿಷವಿತ್ತು. ಗೋದಾವರಿ ಸೆರಗು ಕಟ್ಟಿಕೊಂಡು ಹೊರಟಳು. ಶಿವಗಂಗಾ ತೇಜಸ್ವಿನಿಯನ್ನು ತಾರಸಿಗೆ ಕರೆದಳು, ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ.

ಮಾಘದ ಬಿಸಿಲು ಇನ್ನೂ ಕಟ್ಟೆಯ ಮೇಲಿತ್ತು. ಹುಡುಗಿಗೆ ಮೂವತ್ತು ತುಂಬಿತ್ತು, ಕಣ್ಣ ಕೆಳಗೆ ಕಪ್ಪು. ಅವಳನ್ನು ತೊಟ್ಟಿಲಲ್ಲಿ ನೋಡಿದ ಶಿವಗಂಗಾಳಿಗೆ ಮಾತು ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲಿಲ್ಲ. ನೇರವಾಗಿಯೇ ಕೇಳಿದಳು.

“ಪ್ರಿಂಟ್‌ಹೆಲ್ಪ್ ಅಂದ್ರ ಏನವಾ ತೇಜೂ? ನಿಮ್ಮ ಮನ್ಯಾಗ ಪ್ರಿಂಟರ್ ಇಲ್ಲಲಾ.”

ತೇಜಸ್ವಿನಿ ದಾರದಿಂದ ಕ್ಲಿಪ್ ತೆಗೆಯುತ್ತಿದ್ದವಳು ಅಲ್ಲೇ ನಿಂತಳು. ಸಮರ್ಥ ಏನೋ ಹಾಕಿರಬೇಕು, ಪುಣೆಯಿಂದ ಬಂದ ಮೇಲೆ ಕೇಳುತ್ತೇನೆ ಎಂದಳು. ಸುಳ್ಳು ಹೇಳಿ ರೂಢಿಯಿಲ್ಲದ ದನಿ.

“ಸಮರ್ಥಗ ಮಿಂಚು ಗೊತ್ತಿಲ್ಲ,” ಎಂದಳು ಶಿವಗಂಗಾ. “ಆ ಬೆಕ್ಕು ಸತ್ತಾಗ ನೀ ಎರಡನೇತ್ತಾ ಇದ್ದಿ. ಎರಡು ದಿನಾ ಉಣಲಿಲ್ಲ.”

ತೇಜಸ್ವಿನಿ ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತಳು. ಹೇಳಲು ಶುರುಮಾಡಿದ ಮೇಲೆ ನಿಲ್ಲಲಿಲ್ಲ. ದೀಪಾವಳಿಗೆ ಅಟ್ಟ ತೆಗೆಯುವಾಗ ಅವ್ವನ ಹಳೆಯ ಕಂಪ್ಯೂಟರ್ ಸಿಕ್ಕಿತ್ತು. ಅದರೊಳಗೆ ತನ್ನದೇ ಹೆಸರಿನ ಬೀಗದ ಫೈಲು. ಅವ್ವ ಕಡೆಯ ಹದಿನೈದು ದಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದಳು. ಮಗಳ ಕೈ ಹಿಡಿದು ಏನೋ ಹೇಳಲು ಹೋಗಿ, ಆಗದೆ, ಬೆರಳಿನಿಂದ ಗಾಳಿಯಲ್ಲಿ ಒತ್ತಿ ತೋರಿಸುತ್ತಿದ್ದಳಂತೆ. ಅದು ಕೀಲಿಮಣೆ ಒತ್ತುವ ಸನ್ನೆ ಎಂದು ತೇಜಸ್ವಿನಿಗೆ ಅರ್ಥವಾದದ್ದು ಫೈಲು ಸಿಕ್ಕ ದಿನ. ಅಂಗಡಿಯಲ್ಲಿ ದೊಡ್ಡ ಕಾರ್ಡೇ ಬೇಕೆಂದು ಹಟ ಹಿಡಿದವಳು ತಾನೇ. ಅಪ್ಪನ ಆಟಕ್ಕೂ ಆಯಿತು, ಇದಕ್ಕೂ ಆಯಿತು ಎಂದುಕೊಂಡಿದ್ದಳು. ಆಫೀಸಿಗೆ ಹೋಗುವಾಗ ಪ್ರೋಗ್ರಾಮು ಹಚ್ಚಿ ಹೋಗುತ್ತಿದ್ದಳು, ತಾನು ಕಂಪ್ಯೂಟರಿನ ಮುಂದೆ ಕೂರುವ ರಜೆಯ ದಿನ ನಿಲ್ಲಿಸಿಡುತ್ತಿದ್ದಳು.

“ಅಪ್ಪಗ ಕೇಳಬೇಕಿತ್ತಲಾ.”

“ಕೇಳಿದ್ದೆ ಮೌಶಿ. ಅವ್ವನ ಕಂಪ್ಯೂಟರ್ ಸಿಕ್ಕೈತಿ ಅಂದೆ. ಗುಜರಿಗೆ ಹಾಕು ಅಂದ್ರು. ಒಮ್ಮೆ ಅಲ್ಲ, ಮೂರು ಸಲ. ಅವ್ವನ ಒಂದು ಸೀರೀನೂ ಯಾರಿಗೂ ಕೊಡಗೊಡದ ಮನುಷ್ಯಾ, ಅದನ್ನ ಮಾತ್ರ ಒಗಿ ಅಂದ್ರು.”

ಆ ಮಾತು ಶಿವಗಂಗಾಳ ಮನಸ್ಸಿನಲ್ಲಿ ಎಲ್ಲೋ ತಗುಲಿಕೊಂಡಿತು. ಆಗ ಅದನ್ನು ಬಿಡಿಸಲು ಹೋಗಲಿಲ್ಲ. ಚೀಲದಿಂದ ನೋಟುಬುಕ್ಕು ತೆಗೆದು ತೇಜಸ್ವಿನಿಯ ತೊಡೆಯ ಮೇಲಿಟ್ಟಳು.

ಹುಡುಗಿ ಪುಟ ತಿರುವಿದಳು. ಮೊದಲು ಅರ್ಥವಾಗಲಿಲ್ಲ. ಆಮೇಲೆ ದಿನಾಂಕಗಳನ್ನು ನೋಡಿದಳು, ಶನಿವಾರ ಭಾನುವಾರದ ಸೊನ್ನೆಗಳನ್ನು ನೋಡಿದಳು. ಕೊನೆಯ ಪುಟದಲ್ಲಿ ಲೆಕ್ಕ ಮುಗಿದು, ಒಂದೇ ಸಾಲಿತ್ತು: ಲಕ್ವ ಮತ್ತೆ ಬರುವಂತಿದೆ, ತೇಜೂಗೆ ತಿಳಿಸಬಾರದು.

ಅವಳು ಅಳಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತು. ಕೆಳಗೆ ಹೋಗಿ ಈಗಲೇ ಅಪ್ಪನಿಗೆ ಹೇಳುತ್ತೇನೆಂದು ಎದ್ದಳು. ಶಿವಗಂಗಾ ತೋಳು ಹಿಡಿದು ಕೂರಿಸಿದಳು. ಅಪ್ಪ ಮಧ್ಯಾಹ್ನ ಇಪ್ಪತ್ತೈದು ನಿಮಿಷ ಹಾರಿಸಿದ್ದನ್ನು, ಒಮ್ಮೆಯೂ ನಿಲ್ಲದ್ದನ್ನು ಹೇಳಿದಳು. ಹೇಳುವುದು ಇದ್ದೇ ಇದೆ, ಆದರೆ ಉಸಿರು ಸರಿಹೋದ ಮೇಲೆ ಹೇಳು ಎಂದಳು.

ಆ ಕಡೆ ಲೋಕಲ್ ರೈಲೊಂದು ಸಿಕಂದರಾಬಾದಿನತ್ತ ಹೋಯಿತು.

“ಅದನ್ನ ಅಳಿಸಿಬಿಡ್ರಿ ಮೌಶಿ,” ಎಂದಳು ತೇಜಸ್ವಿನಿ. “ಫೈಲೂ ಬ್ಯಾಡ, ಏನೂ ಬ್ಯಾಡ. ಎರಡು ತಿಂಗಳ ಓಡಿಸಿದ್ರೂ ತೆಗೀತಿರಲಿಲ್ಲ ಅನಸತೈತಿ.”

ತೆಗೆಯುತ್ತಿರಲಿಲ್ಲ. ಶಿವಗಂಗಾಳಿಗೂ ಹಾಗೆಯೇ ಅನಿಸಿತ್ತು, ಪಟ್ಟಿ ಓದಿದಾಗಲೇ. ಯಾಕೆಂದು ಈಗ ಮಾತಿಗೆ ಬಂತು.

“ನೀ ಬರದ ನಾನ್ನೂರು ಶಬ್ದದಾಗ ಇರಾಕಿ ನಿಮ್ಮವ್ವ,” ಎಂದಳು. “ಸುವರ್ಣಾ ಎಲ್ಲಿದ್ದಾಳ?”

ತೇಜಸ್ವಿನಿ ಅರ್ಥವಾಗದೆ ನೋಡಿದಳು.

ಶಿವಗಂಗಾ ಬಿಡಿಸಿ ಹೇಳಿದಳು. ಮುಂಜಾನೆ ಎಂಟರಿಂದ ಸಂಜೆ ಐದರವರೆಗೆ, ಇಪ್ಪತ್ತಾರು ವರ್ಷ, ನಿಮ್ಮವ್ವ ಯಾರ ಅವ್ವನೂ ಆಗಿರಲಿಲ್ಲ. ಕಾರ್ಖಾನೆಯ ಮೂರನೇ ಬೆಂಚಿನ ಸುವರ್ಣಾ ಆಗಿದ್ದಳು. ಬಿಡಿಭಾಗಗಳನ್ನು ಗಡಗಡ ಅಲ್ಲಾಡಿಸಿ ಗಟ್ಟಿಯಿದೆಯೇ ನೋಡುವ ಯಂತ್ರ ಅವಳ ಪಾಲಿನದು. ಅದು ಒಮ್ಮೆ ಶುರುವಾದರೆ ಇಡೀ ಶೆಡ್ಡು ನಡುಗುತ್ತಿತ್ತು. ಕ್ಯಾಂಟೀನಿನ ಯಮುನಾಬಾಯಿ ಬೈಯಲು ನಿಂತರೆ ಹೀಗೇ ಪಾತ್ರೆಗಳು ಅಲ್ಲಾಡುತ್ತವೆ ಎಂದು ಆ ಯಂತ್ರಕ್ಕೆ ಯಮುನಾಬಾಯಿ ಎಂದೇ ಹೆಸರಿಟ್ಟವಳು ಸುವರ್ಣಾ. ಆ ಹೆಸರು ಸುವರ್ಣಾ, ಶಿವಗಂಗಾ ಇಬ್ಬರ ನಡುವೆಯಷ್ಟೇ ಇತ್ತು.

ತೇಜಸ್ವಿನಿ ಆ ಹೆಸರನ್ನು ಜನ್ಮದಲ್ಲಿ ಕೇಳಿರಲಿಲ್ಲ.

ಇಬ್ಬರೂ ಕೆಳಗಿಳಿದರು. ನಡುಮನೆಯಲ್ಲಿ ಶಿವಾನಂದರು ಟಿವಿಯ ವಾರ್ತೆ ಹಾಕಿಕೊಂಡು ಕೂತಿದ್ದರು. ಎಷ್ಟೋ ದಿನದ ಮೇಲೆ ತಟ್ಟೆಯಲ್ಲಿದ್ದ ಚುರುಮುರಿ ಪೂರ್ತಿ ಖಾಲಿಯಾಗಿತ್ತು. ಮಗಳನ್ನು ನೋಡಿ, ಲಗೂನ ಬಂದೆಯಲ್ಲ ಎಂದು ನಕ್ಕರು. ಅವಳು ಅವರ ಭುಜ ಮುಟ್ಟಿ, ಐದು ನಿಮಿಷ ಬಂದೆ ಎಂದು ಒಳಗೆ ನಡೆದಳು.

ಬೀಗದ ಫೈಲಿನ ಮುಂದೆ ಕೂತಾಗ ಶಿವಗಂಗಾ ಒಂದು ಕ್ಷಣ ಕೈ ತಡೆದಳು. ಸತ್ತವಳು ಬೀಗ ಹಾಕಿಟ್ಟದ್ದನ್ನು ತೆಗೆಯುವ ಹಕ್ಕು ತನಗಿದೆಯೇ? ಆದರೆ ಹೆಸರು ಮಗಳದ್ದಿತ್ತು, ಮಗಳು ಪಕ್ಕದಲ್ಲಿದ್ದಳು. ಅವಳು ಒಂದೊಂದೇ ಅಕ್ಷರ ಒತ್ತಿದಳು. ಯಮುನಾಬಾಯಿ.

ತೆರೆಯಲಿಲ್ಲ.

ಹೆಸರಿನ ಮುಂದೆ ಬೆಂಚಿನ ನಂಬರು ಮೂರನ್ನು ಸೇರಿಸಿದಳು. ಬೀಗ ಸದ್ದಿಲ್ಲದೆ ತೆರೆಯಿತು.

ತೇಜಸ್ವಿನಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಹನ್ನೊಂದು ಪುಟಗಳಿದ್ದವು. ಮೊದಲನೆಯದನ್ನು ತೆರೆದಾಗ ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ಮಗಳಿಗೆ ಬರೆದ ಪತ್ರ ಅಲ್ಲ. ಅವ್ವನ ಮಾತು ಒಂದೂ ಇಲ್ಲ. ಗೆರೆ ಹೊಡೆದ ಸರಕಾರಿ ನಮೂನೆ, ಅದನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದರು. ಪರೀಕ್ಷಾ ಪ್ರಮಾಣಪತ್ರ. ಹೆಲಿಕಾಪ್ಟರಿನ ಬಿಡಿಭಾಗ, ಬ್ಯಾಚು ನಂಬರು ಹನ್ನೊಂದು ನಲವತ್ತೆರಡು, ಅಲ್ಲಾಡಿಸುವ ಪರೀಕ್ಷೆಯಲ್ಲಿ ತೇರ್ಗಡೆ.

ಆ ನಂಬರನ್ನು ಶಿವಗಂಗಾ ಮರೆಯುವಂತಿರಲಿಲ್ಲ. ಆ ಬ್ಯಾಚಿನ ಭಾಗವೊಂದು ಆಕಾಶದಲ್ಲಿ ಮುರಿದು ಇಬ್ಬರು ಪೈಲಟ್‌ಗಳು ಸತ್ತಿದ್ದರು. ವಿಚಾರಣೆ ನಡೆದಾಗ ಅದರ ಪರೀಕ್ಷಾ ಪತ್ರಗಳೇ ಸಿಗಲಿಲ್ಲ. ಕಡತದ ಕೋಣೆ ನೋಡಿಕೊಳ್ಳುತ್ತಿದ್ದ ಮೌನಪ್ಪ ಅವನ್ನು ಕಳೆದನೆಂದು ತೀರ್ಮಾನವಾಗಿ ಅವನನ್ನು ಕೆಲಸದಿಂದ ತೆಗೆದಿದ್ದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅವನು ಕ್ವಾರ್ಟರ್ಸ್ ಖಾಲಿ ಮಾಡಿದ ದಿನ ಯಾರೂ ಬಾಗಿಲು ತೆರೆದು ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ.

“ಮೌಶಿ,” ತೇಜಸ್ವಿನಿಯ ಬೆರಳು ಪರದೆಯ ಕೆಳಗಿನ ಮೂಲೆಗೆ ಹೋಗಿತ್ತು. “ಇದು ನಿಮ್ಮ ಸಹಿ ಅಲ್ಲೇನು?”

ಪರೀಕ್ಷಿಸಿದವರು ಎಂಬಲ್ಲಿ ಸಹಿಯಿತ್ತು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು ಗೆರೆ ಹಾಕುವ ರೀತಿ, ಅದರ ಕೆಳಗಿನ ಎರಡು ಚುಕ್ಕೆ, ಎಲ್ಲ ಅವಳದ್ದೇ. ದಿನಾಂಕ ೧೭ ಮಾರ್ಚ್ ೧೯೯೮.

ಅಂದು ಅವಳು ತವರೂರು ಹುಮನಾಬಾದಿನಲ್ಲಿದ್ದಳು, ಈ ಪರೀಕ್ಷೆ ಮಾಡಿರಲೇ ಇಲ್ಲ. ತಾಯಿ ತೀರಿಕೊಂಡು ಐದನೆಯ ದಿನ.

ಸಹಿಯ ಮೇಲಿನ ಅಂಕಿಗಳ ಸಾಲುಗಳತ್ತ ಅವಳ ಕಣ್ಣು ಹೋಯಿತು. ದುಂಡನೆಯ ಅಂಕಿಗಳು, ಪ್ರತಿ ಏಳಕ್ಕೂ ನಡುವೆ ಅಡ್ಡಗೆರೆ. ಈ ಬರಹದ ಪಕ್ಕ ಕೂತು ಅವಳು ಇಪ್ಪತ್ತು ವರ್ಷ ಬರೆದಿದ್ದಳು. ಇದು ಸುವರ್ಣಾಳ ಕೈಬರಹ, ಹಾಗಾದರೆ ಕೆಳಗಿನ ಸಹಿಯೂ ಅವಳು ಮಾಡಿದ ನಕಲು.

ನಡುಮನೆಯ ಟಿವಿ ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲಲ್ಲಿ ಶಿವಾನಂದರು ನಿಂತಿದ್ದರು, ಕೋಲಿಲ್ಲದೆ, ಚೌಕಟ್ಟನ್ನು ಹಿಡಿದು. ಅವರು ಮಗಳನ್ನು ನೋಡುತ್ತಿರಲಿಲ್ಲ, ಶಿವಗಂಗಾಳನ್ನೂ ನೋಡುತ್ತಿರಲಿಲ್ಲ. ಪರದೆಯ ಮೇಲಿನ ಕಾಗದವನ್ನು ನೋಡುತ್ತಿದ್ದರು.

“ಅದು ಹೆಂಗ ಉಳೀತು?” ಎಂದರು.

ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಒಳಗಿಟ್ಟರು.

“ವಿಚಾರಣೆಗಿಂತ ಮೊದಲ ಹನ್ನೊಂದೂ ಹಾಳಿ ನಾನ ಎಣಿಸಿ ಒಲಿಗೆ ಹಾಕಿದ್ದೆ, ಗಂಗಾ,” ಎಂದರು ಶಿವಾನಂದರು. “ಕಡ್ಡಿ ಗೀರಿದಾಕಿ ಸುವರ್ಣಾ.”